ವೈರು ಕಿತ್ತ ಮಷೀನು

ಫೆಬ್ರವರಿ 9, ಸಂಜೆ

ಇವತ್ತು ಮೊಣಕಾಲಮ್ಮ ಬರಲಿಲ್ಲ. ಆ ಹೊತ್ತನ್ನೂ ಕುತ್ತಿಗೆ ಮೇಷ್ಟ್ರೇ ತಿಂದರು. ಕುತ್ತಿಗೆ ಎಳೆಯಲು ಟ್ರ್ಯಾಕ್ಷನ್ ಹಾಕಿದರೂ ಮಾತು ನಿಲ್ಲುವುದಿಲ್ಲ ಆ ಮನುಷ್ಯನದು. ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಯಾರ ಹೆಸರೂ ನನ್ನ ತಲೆಯಲ್ಲಿ ನಿಲ್ಲುವುದಿಲ್ಲ — ಕೀಲಿನ ಮೇಲೇ ಗುರುತು. ಭುಜದ ಪೇಂಟರ್, ಸೊಂಟದ ಡ್ರೈವರ್, ಹಿಮ್ಮಡಿ ನರ್ಸ್. ಅಕ್ಕನನ್ನು ಮಾತ್ರ ಹಾಗೆ ಕರೆಯಲು ಬಾಯಿ ಬರುವುದಿಲ್ಲ. ಕರೆದರೆ ‘ಬೆನ್ನಕ್ಕ’ ಅನ್ನಬೇಕು.

ನೋವಿಗೆ ಸಣ್ಣ ಕರೆಂಟ್ ಕೊಡುವ ಹಳೇ ಟೆನ್ಸ್ ಮಷೀನನ್ನು ಮನೆಗೆ ತಂದೆ. ಹೊಸದು ಬಂದ ಮೇಲೆ ಇದು ಕಪಾಟಿನಲ್ಲಿ ಸುಮ್ಮನೆ ಕೂತಿತ್ತು. ಅಕ್ಕ ನಮ್ಮಲ್ಲಿಗೆ ಬಂದು ತಿಂಗಳಾಯಿತು. ಭಾವ ಹೋದ ಮೇಲೂ ಅವರ ಅಂಗಡಿಯ ಮೇಲಿನ ರೂಮಿನಲ್ಲಿ ಒಬ್ಬಳೇ ಇದ್ದು ಪರದೆ ಹೊಲಿಯುತ್ತಿದ್ದಳು. ಈ ಊರಿನ ಅರ್ಧ ಕಿಟಕಿಗಳಿಗೆ ಅವಳದೇ ಪರದೆ. ಬೆನ್ನು ಹಿಡಿದುಕೊಂಡ ಮೇಲೆ ಮೆಟ್ಟಿಲು ಹತ್ತಲಾಗದೆ ಇಲ್ಲಿಗೆ ಬಂದಳು. ಮೂಳೆ ಡಾಕ್ಟರ್ ಎಕ್ಸ್‌ರೇ ನೋಡಿ, ಏನಿಲ್ಲ, ಬಗ್ಗಿ ಬಗ್ಗಿ ಹೊಲಿದದ್ದು, ನೀವೇ ಮನೆಯಲ್ಲಿದ್ದೀರಲ್ಲ ಎಂದು ನನಗೇ ಒಪ್ಪಿಸಿಬಿಟ್ಟರು.

ಬೆನ್ನಿನ ನಡುಮಧ್ಯೆ, ಮೂಳೆಯ ಎರಡೂ ಪಕ್ಕ ಪ್ಯಾಡ್ ಅಂಟಿಸಿದೆ. ಶಾಕ್ ಹೊಡೆಯಲ್ಲ ತಾನೆ ಎಂದು ಹೆದರಿದಳು. ಎಲ್ಲರಿಗೂ ಹೇಳುವುದನ್ನೇ ಹೇಳಿದೆ — ಮೊಣಕೈ ಬಾಗಿಲಿಗೆ ತಗುಲಿದರೆ ಉಜ್ಜಿಕೊಳ್ಳುತ್ತೇವಲ್ಲ, ಇದೂ ಅಷ್ಟೇ. ಚರ್ಮದ ಮೇಲಿಂದ ನರಕ್ಕೆ ಸಣ್ಣಗೆ ಜುಮ್ಮೆನ್ನಿಸುತ್ತದೆ. ಆ ಗದ್ದಲದಲ್ಲಿ ನೋವಿನ ಸುದ್ದಿ ಮೆದುಳಿಗೆ ಸರಿಯಾಗಿ ಮುಟ್ಟುವುದಿಲ್ಲ. ಅಕ್ಕ ಸ್ವಲ್ಪ ಯೋಚಿಸಿ, ಸುದ್ದಿ ಮುಟ್ಟದಿದ್ದರೆ ರೋಗ ಎಲ್ಲಿಗೆ ಹೋಗುತ್ತೆ ಅಂದಳು. ಅಂಥದ್ದೆಲ್ಲ ಕೇಳಬಾರದು ಎಂದು ಗದರಿದೆ. ಇಬ್ಬರೂ ನಕ್ಕೆವು. ಮುಗಿದ ಮೇಲೆ, ಇರುವೆ ಸಾಲು ಹೋದ ಹಾಗಿತ್ತು, ಹಾಯಾಯ್ತು ಅಂದಳು.

ಫೆಬ್ರವರಿ 13

ಈಗ ದಿನಾ ಸಂಜೆ ಇದೇ ಕೆಲಸ. ನಾನು ಬಂದು ಚಪ್ಪಲಿ ಬಿಡುವ ಮೊದಲೇ ಅಕ್ಕ ಕುಪ್ಪಸದ ಗುಂಡಿ ಬಿಚ್ಚಿಕೊಂಡು ತಯಾರು. ಹೇಗಿದೆ ಎಂದರೆ ‘ಚೆನ್ನಾಗಿದೆ’. ಅವಳ ಬಾಯಲ್ಲಿ ಚೆನ್ನಾಗಿಲ್ಲದ್ದು ಯಾವುದೂ ಇಲ್ಲ. ಮೊನ್ನೆ ನಾನು ತಳ ಹಿಡಿಸಿದ ಸೂಪನ್ನು ಎರಡು ಸಲ ಹಾಕಿಸಿಕೊಂಡು ಕುಡಿದಳು. ಮಗಳು ಬಟ್ಟಲನ್ನು ಹಾಗೇ ಸಿಂಕಿಗೆ ಸುರಿದದ್ದಕ್ಕೆ, ದೊಡ್ಡಮ್ಮನನ್ನು ನೋಡಿ ಕಲಿ ಎಂದೆ. ದೊಡ್ಡಮ್ಮನಿಗೆ ನಾಲಿಗೆ ಇಲ್ಲ ಬಿಡು ಅಂದಳು ಅವಳು. ಬೈದೆ, ಆದರೆ ಒಳಗೆ ನಗು.

ಫೆಬ್ರವರಿ 22

ತಲೆ ಸಿಡಿಯುತ್ತಿದೆ. ಮಧ್ಯಾಹ್ನ ಊಟಕ್ಕೂ ಬಿಡುವಿಲ್ಲ. ಇಡೀ ದಿನ ಊರವರ ನೋವು ಕೇಳಿ ಮನೆಗೆ ಬಂದರೆ ಬಾಗಿಲಲ್ಲೇ ಇನ್ನೊಂದು ನೋವು. ಇವತ್ತು ಇಲ್ಲಿ, ನಿನ್ನೆ ಅಲ್ಲಿ, ಪಕ್ಕೆಗೂ ಸುತ್ತಿಕೊಂಡು ಬರುತ್ತೆ ಕಣೆ ಅನ್ನುತ್ತಾಳೆ. ಒಂದು ಕಡೆ ನಿಂತ ನೋವಾದರೆ ಹಿಡಿಯಬಹುದು.

ಇವರು ಬೆಳಿಗ್ಗೆ ಷೇವ್ ಮಾಡಿಕೊಳ್ಳುತ್ತಾ, ಅಕ್ಕ ರಾತ್ರಿಯೆಲ್ಲಾ ಹಾಲ್‌ನಲ್ಲಿ ಓಡಾಡುತ್ತಾರೆ, ಗೊತ್ತಾ ಎಂದರು. ಮಧ್ಯಾಹ್ನ ಮಲಗಿದರೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು ಎಂದೆ. ಊಟವೂ ಕಡಿಮೆಯಾಗಿದೆ. ಕೂತಲ್ಲೇ ಕೂತಿದ್ದರೆ ಹಸಿವಾಗುವುದಾದರೂ ಹೇಗೆ.

ಮಾರ್ಚ್ 2, ಕ್ಲಿನಿಕ್, ಮಧ್ಯಾಹ್ನದ ಬಿಡುವು

ಕಾರ್ಖಾನೆಯ ಆಸಾಮಿ ಮತ್ತೆ ಬಂದಿದ್ದ. ಸೊಂಟ. ರಜೆಗೆ ಸರ್ಟಿಫಿಕೇಟ್ ಬೇಕಂತೆ. ಒಳಗೆ ಬರುವಾಗ ಕುಂಟು, ಫೋನ್ ಬಂದಾಗ ನೆಟ್ಟಗೆ. ನಡಿಗೆ ನೋಡಿಯೇ ಹೇಳಬಲ್ಲೆ, ಆದರೂ ಹಳೇ ಬಾಸ್ ಕಲಿಸಿದ ಪರೀಕ್ಷೆ ಮಾಡಿದೆ. ಮಷೀನ್ ಆನ್, ಹಸಿರು ದೀಪ ಉರಿಯುತ್ತಿರುತ್ತದೆ, ಟಿಕ್ ಟಿಕ್ ಸದ್ದೂ ಬರುತ್ತದೆ — ಹಿಂದೆ ವೈರು ಮಾತ್ರ ಕಿತ್ತಿರಬೇಕು, ಮೇಲೆ ಒಂದು ಟವೆಲ್. ಜುಮ್ ಅನ್ನುತ್ತಾ ಎಂದು ಕೇಳಬೇಕು. ಹೂಂ ಅಂದರೆ ನಾಟಕ. ಬಾಸ್ ಇದನ್ನು ಕಲಿಸುವಾಗ ಕಣ್ಣು ಹೊಡೆದಿದ್ದರು. ಯಾವ ಕಾಲೇಜಿನಲ್ಲೂ ಇದನ್ನು ಹೇಳಿಕೊಡುವುದಿಲ್ಲ, ಆದರೆ ನಮ್ಮ ಕಸುಬಿನ ಅರ್ಧ ಜನರಿಗೆ ಗೊತ್ತು.

ಆಸಾಮಿ, ಭಾರೀ ಜುಮ್ ಮೇಡಂ, ಸ್ವಲ್ಪ ಕಡಿಮೆ ಮಾಡಿ ಅಂದ. ನಗು ತಡೆದುಕೊಂಡು ಕಡಿಮೆ ಮಾಡಿದೆ. ಸರ್ಟಿಫಿಕೇಟ್ ಕೊಡಲಿಲ್ಲ, ನಾಟಕ ಸಾಕು ಎಂದು ಕಳಿಸಿದೆ.

ಮಾರ್ಚ್ 4

ಮಾಡಿಬಿಟ್ಟೆ. ಯಾಕೆ ಅಂತ ಗೊತ್ತಿಲ್ಲ. ಸುಸ್ತಾಗಿತ್ತು, ಊಟಕ್ಕೂ ಕೂತಿರಲಿಲ್ಲ, ಅಕ್ಕ ಬಾಗಿಲಿಗೇ ಬಂದು ‘ಇವತ್ತು ಜಾಸ್ತಿ ಕಣೆ’ ಎಂದಳು. ಪ್ಯಾಡ್ ಅಂಟಿಸಿದೆ, ದೀಪ ಹಚ್ಚಿದೆ, ವೈರು ಮಾತ್ರ ಸಿಕ್ಕಿಸಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತೆ. ಜುಮ್ ಅನ್ನುತ್ತಾ ಅಕ್ಕ?

ದಿಂಬಿನ ಮೇಲೆ ತಲೆ ನನ್ನ ಕಡೆ ತಿರುಗಿದ ಸದ್ದಾಯಿತು. ಆಮೇಲೆ ಹೂಂ, ಅನ್ನುತ್ತಿದೆ ಎಂದಳು. ತೆಗೆದ ಮೇಲೆ — ಹಾಯಾಯ್ತು, ಹೋಗು, ಊಟ ಮಾಡು.

ಸಿಟ್ಟು ಬರಬೇಕಿತ್ತು. ಬಂದದ್ದು ಒಂಥರಾ ನಿರಾಳ. ಅಂದರೆ ಬೆನ್ನಿಗೆ ಏನೂ ಆಗಿಲ್ಲ.

ಮಾರ್ಚ್ 6

ಖಾತ್ರಿ ಮಾಡಿಕೊಳ್ಳಲು ಇನ್ನೊಂದು ಸಲ. ಅದೇ ಉತ್ತರ. ಇವರಿಗೆ ಹೇಳಿದೆ. ಇವರು ನಗಲಿಲ್ಲ, ಪೇಪರ್ ಮಡಚಿ, ನಿನ್ನ ಅಕ್ಕ ಕಣೆ ಅವರು ಎಂದರು ಅಷ್ಟೇ. ಅಕ್ಕನಾದ್ದರಿಂದಲೇ ಅವಳ ಒಳಗು ನನಗೆ ಗೊತ್ತು ಎಂದೆ. ಭಾವ ಹೋದರು, ಅಂಗಡಿ ಹೋಯಿತು, ಇಲ್ಲಿ ಮಾತಿಗೆ ಜನವಿಲ್ಲ. ಪ್ಯಾಡ್ ಬೆನ್ನಿಗಲ್ಲ, ಒಂಟಿತನಕ್ಕೆ ಹಾಕಬೇಕು — ಹೀಗೆ ಹೇಳಿ ನನಗೇ ಖುಷಿಯಾಯಿತು. ಎಷ್ಟು ಚೆನ್ನಾಗಿ ಹೇಳಿದೆ ಅಂತ.

ಮಾರ್ಚ್ 11

ಮಷೀನು ದಿನಾ ಬೇಡ, ವಾಕಿಂಗ್ ಹೋಗು ಎಂದೆ. ಪಾರ್ಕಿನ ತನಕ ಹೋಗಿ ಬಂದಳು. ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದಳು ಎಂದು ಮಗಳ ವರದಿ. ದೊಡ್ಡಮ್ಮನ ಕೈ ಬಿಸಿ ಇದೆ, ಸಂಜೆ ಹೊತ್ತು ದಿನಾ ಬಿಸಿ ಇರುತ್ತೆ ಎಂದೂ ಅಂದಳು. ಒಲೆ ಮುಂದೆ ನಿಂತವರ ಕೈ ತಣ್ಣಗಿರುತ್ತಾ? ಥರ್ಮಾಮೀಟರ್ ಹುಡುಕಿದೆ, ಸಿಗಲಿಲ್ಲ. ಬಿಟ್ಟೆ.

ಮಾರ್ಚ್ 16

ಇವರ ಆಫೀಸಿನ ಅಕೌಂಟೆಂಟ್ ಮತ್ತು ಅವರ ಹೆಂಡತಿ ಊಟಕ್ಕೆ ಬಂದಿದ್ದರು. ಅಡುಗೆಯೆಲ್ಲಾ ಅಕ್ಕನದೇ. ನೆಂಟರ ಮುಂದೆ ಸೊಂಟಕ್ಕೆ ಕೈ ಕೊಟ್ಟುಕೊಂಡೇ ಬಡಿಸಿದಳು. ಅಕೌಂಟೆಂಟ್ ಹೆಂಡತಿ ಅಯ್ಯೋ ಬೆನ್ನು ನೋವಾ ಎಂದು ಕೇಳಿದರು. ನಾನು ತಮಾಷೆಗೆ ಶುರು ಮಾಡಿದೆ. ಮೊದಲು ಕಾರ್ಖಾನೆ ಆಸಾಮಿಯ ಕಥೆ, ಉಪ್ಪು ಖಾರ ಹಚ್ಚಿ. ಅವರು ಬಿದ್ದು ಬಿದ್ದು ನಕ್ಕರು. ಆ ನಗುವಿನ ಹುರುಪಿನಲ್ಲಿ ಅಕ್ಕನದನ್ನೂ ಹೇಳಿಬಿಟ್ಟೆ. ವೈರೇ ಇಲ್ಲ, ನಮ್ಮಕ್ಕನಿಗೆ ಜುಮ್ ಜುಮ್! ಅಕೌಂಟೆಂಟ್‌ಗೆ ಕೆಮ್ಮು ಹತ್ತಿತು ನಕ್ಕು ನಕ್ಕು. ನಮಗೂ ಕರೆಂಟ್ ಬಿಲ್ ಉಳಿಯುವ ಈ ಮಷೀನೇ ಕೊಡಿ ಅಂದರು.

ಅಕ್ಕನೂ ನಕ್ಕಳು. ‘ಹೌದಾ’ ಎಂದಳು. ಎದ್ದು ತಟ್ಟೆಗಳನ್ನು ಜೋಡಿಸಿಕೊಂಡು ಒಳಗೆ ಹೋದಳು. ಇವರು ನನ್ನ ಕಡೆ ನೋಡಿದ ರೀತಿ ಸರಿ ಬರಲಿಲ್ಲ. ಇರಲಿ. ಮನೆಯೊಳಗೆ ಒಂದು ತಮಾಷೆಯೂ ಮಾಡಬಾರದೆ.

ಮಾರ್ಚ್ 17, ಬೆಳಿಗ್ಗೆ

ಮಷೀನು ನನ್ನ ಮೇಜಿನ ಮೇಲಿದೆ. ಡಬ್ಬಿಯೊಳಗೆ, ವೈರುಗಳನ್ನು ನೀಟಾಗಿ ಸುತ್ತಿ, ಪ್ಯಾಡ್‌ಗಳಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ. ಕ್ಲಿನಿಕ್ಕಿಗೆ ತಗೊಂಡು ಹೋಗು, ನನ್ನ ಬೆನ್ನು ಪೂರ್ತಿ ವಾಸಿ ಎಂದಳು ಅಕ್ಕ. ಮುಖದಲ್ಲಿ ಮುನಿಸೇನೂ ಕಾಣಲಿಲ್ಲ. ಚಹಾ ಎಂದಿನಂತೆ ಕೊಟ್ಟಳು.

ಮಾರ್ಚ್ 25

ಅಕ್ಕ ಪರದೆ ಹೊಲಿಯಲು ಒಪ್ಪಿಕೊಂಡಿದ್ದಾಳೆ. ಹಿಂದಿನ ರೂಮಿನಲ್ಲಿ ಹೊಲಿಗೆ ಮಷೀನು ಹಾಕಿಸಿಕೊಂಡಳು. ಬೆಳಿಗ್ಗೆಯಿಂದ ಕಟಕಟ ಸದ್ದು. ನೋವಿನ ಮಾತೇ ಇಲ್ಲ. ಕೆಲಸಕ್ಕಿಂತ ದೊಡ್ಡ ಔಷಧ ಇಲ್ಲ ಎಂದು ಇವರಿಗೆ ಹೇಳಿದೆ. ಸ್ವಲ್ಪ ತೆಳ್ಳಗಾಗಿದ್ದಾಳೆ, ಹಳೆಯ ಬಟ್ಟೆ ಜೋಲುತ್ತವೆ. ಈ ವಯಸ್ಸಿಗೆ ಒಳ್ಳೆಯದೇ. ನನಗೂ ಆ ಭಾಗ್ಯ ಬೇಕು.

ಏಪ್ರಿಲ್ 7

ಕ್ಲಿನಿಕ್ ತುಂಬಾ ಜನ. ಬರೆಯಲು ಏನಿಲ್ಲ. ಅಕ್ಕ ಎಡಗಾಲಿನ ಚಪ್ಪಲಿ ಜಾರುತ್ತಿದೆ ಅಂದಳಂತೆ, ಇವರು ಹೊಸ ಜೊತೆ ತಂದುಕೊಟ್ಟರು. ಅದೂ ಜಾರುತ್ತಂತೆ.

ಏಪ್ರಿಲ್ 27, ಆಸ್ಪತ್ರೆ

ಬರೆದಿಡಬೇಕು, ಇಲ್ಲದಿದ್ದರೆ ತಲೆಯೊಳಗೆ ಸುತ್ತುತ್ತಲೇ ಇರುತ್ತದೆ.

ಮೊನ್ನೆ ಬೆಳಿಗ್ಗೆ ಬಚ್ಚಲ ಮುಂದೆ ಬಿದ್ದಳು. ಎಡವಿದ್ದಲ್ಲ — ಕಾಲೇ ನಿಲ್ಲಲಿಲ್ಲ. ಎತ್ತಲು ಹೋದೆ, ಎರಡೂ ಕಾಲು ಒದ್ದೆ ಬಟ್ಟೆಯ ಹಾಗೆ ಜೋತು ಬಿದ್ದವು. ಹೆಬ್ಬೆರಳು ಆಡಿಸು ಎಂದೆ. ಆಡಿಸುತ್ತಿದ್ದೀನಲ್ಲ ಎಂದಳು. ಬೆರಳು ಆಡುತ್ತಿರಲಿಲ್ಲ. ಮೂತ್ರ ಹೋದದ್ದೂ ಅವಳಿಗೆ ಗೊತ್ತಾಗಿರಲಿಲ್ಲ. ಇಷ್ಟು ವರ್ಷ ಬೇರೆಯವರ ಮನೆಯವರಿಗೆ ಧೈರ್ಯ ಹೇಳಿದವಳು ನಾನು, ಗೋಡೆ ಹಿಡಿದು ನಿಂತುಬಿಟ್ಟೆ. ಆಂಬುಲೆನ್ಸ್‌ಗೆ ಫೋನ್ ಮಾಡಿದ್ದು ಮಗಳು.

ಸ್ಕ್ಯಾನ್ ಆಯಿತು. ಬೆನ್ನುಮೂಳೆಗೆ ಕ್ಷಯ. ನಡುಬೆನ್ನಿನಲ್ಲಿ ಎರಡು ಮೂಳೆ ತಿಂದುಹಾಕಿದೆ, ಕೀವು ನರದ ಮೇಲೆ ಕೂತಿದೆ. ನಾನು ಪ್ಯಾಡ್ ಅಂಟಿಸುತ್ತಿದ್ದ ಜಾಗವೇ. ಸರ್ಜನ್ ಚಿತ್ರದ ಮೇಲೆ ಪೆನ್ನಿನ ತುದಿ ಇಟ್ಟು ತೋರಿಸಿದರು, ನಾನು ಅಲ್ಲಿ ಜೆಲ್ ಹಚ್ಚುತ್ತಿದ್ದ ನನ್ನ ಬೆರಳನ್ನೇ ಕಂಡೆ.

ಅವರು ಒಂದೊಂದಾಗಿ ಕೇಳಿದರು. ರಾತ್ರಿ ನೋವು ಜಾಸ್ತಿ ಇತ್ತಾ? ಸಂಜೆ ಜ್ವರ? ಹಸಿವು? ತೂಕ? ಪಕ್ಕೆಗೆ ಸುತ್ತಿ ಬರುತ್ತಿತ್ತಾ? ಇದ್ದವು. ಎಲ್ಲಾ ಇದ್ದವು. ಈ ಪ್ರಶ್ನೆಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಪಾಸಾದವಳು ನಾನು. ಬೀದಿಯಿಂದ ಬಂದ ಯಾರೋ ಹೆಂಗಸಿಗೆ ಮೊದಲ ದಿನವೇ ಕೇಳುತ್ತಿದ್ದೆ. ನೀವೇನು ಕೆಲಸ ಮಾಡುತ್ತೀರಿ ಎಂದರು ಸರ್ಜನ್. ಫಿಸಿಯೋಥೆರಪಿಸ್ಟ್ ಎಂದೆ. ಅವರು ಫೈಲ್ ಮುಚ್ಚಿದರು.

ಏಪ್ರಿಲ್ 28

ಆಪರೇಷನ್ ಆಯಿತು. ಕೀವು ತೆಗೆದು ರಾಡ್ ಹಾಕಿದ್ದಾರೆ. ಔಷಧ ವರ್ಷದ ಮೇಲೆ ನಡೆಯಬೇಕು. ಕಾಲು? ಕಾದು ನೋಡಬೇಕು ಎಂದರು. ಸ್ವಲ್ಪ ಮೊದಲೇ ಬಂದಿದ್ದರೆ ಬರೀ ಮಾತ್ರೆಯಲ್ಲೇ ಹೋಗುತ್ತಿತ್ತು ಎಂದೂ ಸೇರಿಸಿದರು. ನನ್ನನ್ನು ಚುಚ್ಚಲು ಹೇಳಿದ್ದಲ್ಲ, ಎಲ್ಲರಿಗೂ ಹೇಳುವ ಮಾತು. ನಾನೂ ಹೇಳುತ್ತೇನೆ.

ಇವರು ಕಾರಿಡಾರಿನಲ್ಲಿ ಬ್ರೆಡ್ಡು ತಂದುಕೊಟ್ಟರು. ಬೈಯಿರಿ, ಅವತ್ತೇ ಹೇಳಿದ್ದಿರಿ ಎಂದೆ. ಈಗ ಬೈದು ಏನು ಮಾಡಲಿ ಎಂದು ಪಕ್ಕದಲ್ಲಿ ಕೂತರು.

ಮೇ 2

ಕೇಳಿದೆ. ಅಕ್ಕ ಮಗ್ಗುಲಾಗಿ ಮಲಗಿದ್ದಳು, ದಿಂಬು ಸರಿಮಾಡುತ್ತಿದ್ದೆ. ಮುಖ ಕಾಣದೆ ಇದ್ದದ್ದಕ್ಕೇ ಕೇಳಲು ಸಾಧ್ಯವಾಯಿತೋ ಏನೋ. ಅವತ್ತು ವೈರು ಕಿತ್ತಿದ್ದೆನಲ್ಲ ಅಕ್ಕ, ಯಾಕೆ ಜುಮ್ ಅನ್ನುತ್ತಿದೆ ಎಂದೆ?

"ಎಲ್ಲಿ ಜುಮ್ ಅಂತು. ಏನೂ ಇರ್ಲಿಲ್ಲ. ಮಷೀನು ಕೆಟ್ಟಿದೆ ಅಂದ್ಕೊಂಡೆ."

ಮತ್ತೆ ಯಾಕೆ...

"ನೀನು ಕುರ್ಚಿ ಮೇಲೆ ತೂಕಡಿಸ್ತಿದ್ದೆ ಪುಟ್ಟಿ. ಊಟ ಕೂಡ ಆಗಿರ್ಲಿಲ್ಲ ನಿಂದು. ಇಲ್ಲ ಅಂದಿದ್ರೆ ಮತ್ತೆ ಬಿಚ್ಚಿ, ಮತ್ತೆ ಅಂಟ್ಸಿ, ಮತ್ತೆ ಕೂರ್ತಿದ್ದೆ. ಆಯ್ತು ಅಂದ್ರೆ ಎದ್ದು ಹೋಗಿ ಊಟ ಮಾಡ್ತಾಳೆ ಅಂತ ಅಂದೆ."

ಎರಡನೇ ಸಲವೂ ಅಷ್ಟೇ ಅಂತೆ. ಮತ್ತೆ ಊಟದ ದಿನ, ಅಷ್ಟು ಜನರ ಮುಂದೆ ನಾನು ಹೇಳಿದಾಗ ಬಾಯಿ ಬಿಟ್ಟು ಹೇಳಬಾರದಿತ್ತಾ ಎಂದೆ. ನೆಂಟರ ಮುಂದೆ ನಿನ್ನ ಮಾತು ಸುಳ್ಳು ಮಾಡಲಾ ಎಂದಳು. ಆಮೇಲೆ ನಿದ್ದೆ ಬಂತು ಅವಳಿಗೆ. ಅಥವಾ ಬಂದ ಹಾಗೆ ಮಾಡಿದಳು. ನನಗೆ ಇನ್ನು ಅದೂ ಗೊತ್ತಾಗುವುದಿಲ್ಲ.

ನನ್ನ ಮೇಲಿನ ಕರುಣೆಗೆ ಹೇಳಿದ ಒಂದು ಸುಳ್ಳು. ಅದನ್ನೇ ಸಾಕ್ಷಿ ಮಾಡಿಕೊಂಡು ಅವಳ ನೋವನ್ನೆಲ್ಲಾ ಸುಳ್ಳು ಎಂದೆ. ಆಸ್ಪತ್ರೆಯ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹೊರಗೆ ಯಾರೋ ಬಾಗಿಲು ಬಡಿಯುತ್ತಿದ್ದರು.

ಮೇ 10

ಕ್ಲಿನಿಕ್ ತೆರೆದೆ. ಕುತ್ತಿಗೆ ಮೇಷ್ಟ್ರು ಇವತ್ತು ಮಾತೇ ಆಡಲಿಲ್ಲ, ಯಾರೋ ಹೇಳಿರಬೇಕು. ಹೊಸದಾಗಿ ಬಂದ ಸೊಂಟದ ಹೆಂಗಸಿಗೆ ಅದನ್ನೂ ಇದನ್ನೂ ಕೇಳಿದೆ, ಜ್ವರ, ರಾತ್ರಿ, ತೂಕ. ಸಾಕು ಬಿಡಿ ಮೇಡಂ, ಭಾರ ಎತ್ತಿ ಉಳುಕಿದ್ದು ಎಂದಳು. ಆದರೂ ರಕ್ತ ಪರೀಕ್ಷೆಗೆ ಕಳಿಸಿದೆ. ಹುಚ್ಚು ಹಿಡಿದಿದೆ ನನಗೆ.

ಕಾರ್ಖಾನೆ ಆಸಾಮಿಯ ಮನೆಗೆ ಫೋನ್ ಮಾಡಿದೆ. ಅವನ ಹೆಂಡತಿ ಎತ್ತಿದಳು. ಹೇಗಿದ್ದಾರೆ, ಒಮ್ಮೆ ಬರಹೇಳಿ, ಸರಿಯಾಗಿ ನೋಡುತ್ತೇನೆ ಎಂದೆ. ನಾಟಕ ಅಂದವರು ನೀವೇ ತಾನೆ, ಬೇರೆ ಕಡೆ ತೋರಿಸಿದ್ದೀವಿ ಎಂದು ಇಟ್ಟುಬಿಟ್ಟಳು. ಏನು ಕಂಡುಬಂತು ಅಂತ ಕೇಳಲೂ ಆಗಲಿಲ್ಲ. ಅವನು ನಾಟಕವನ್ನೇ ಆಡಿರಬಹುದು. ಅಥವಾ ನನಗೆ ಹೆದರಿ ಹೂಂ ಅಂದಿರಬಹುದು. ಈ ಪರೀಕ್ಷೆಯಿಂದ ತಿಳಿಯುವುದು ಒಂದೇ, ಎದುರಿಗಿರುವವರು ನಮಗೆ ಬೇಜಾರು ಮಾಡಲು ಇಷ್ಟಪಡುವುದಿಲ್ಲ ಅಂತ. ಹಳೇ ಬಾಸ್ ಬದುಕಿದ್ದಿದ್ದರೆ ಹೋಗಿ ಜಗಳ ಆಡುತ್ತಿದ್ದೆ.

ಮೇ 23

ಅಕ್ಕ ಮನೆಗೆ ಬಂದು ವಾರವಾಯಿತು. ಬಲಗಾಲು ಸ್ವಲ್ಪ ಸ್ವಲ್ಪ ಏಳುತ್ತದೆ. ಎಡಗಾಲಿನ ಬೆರಳು ಮನಸ್ಸು ಬಂದಾಗ ಆಡುತ್ತದೆ. ವ್ಯಾಯಾಮ ನಾನೇ ಮಾಡಿಸುತ್ತೇನೆ. ಹಗಲಿಗೆ ಆಯಾ ಇದ್ದಾಳೆ, ಗಟ್ಟಿಗಿತ್ತಿ, ಅಕ್ಕನನ್ನು ಮಗು ಎತ್ತಿದ ಹಾಗೆ ಎತ್ತುತ್ತಾಳೆ.

ನೋವು ಹೇಗಿದೆ ಎಂದರೆ ಅಕ್ಕ ‘ಪರವಾಗಿಲ್ಲ’ ಅನ್ನುತ್ತಾಳೆ. ಬೆಳಿಗ್ಗೆ ಕೇಳಿದರೂ ಅದೇ, ಸಂಜೆ ಕೇಳಿದರೂ ಅದೇ. ಇವತ್ತು ಬೇಗ ಮನೆಗೆ ಬಂದೆ. ರೂಮಿನ ಬಾಗಿಲು ಓರೆಯಾಗಿತ್ತು. ಅಕ್ಕ ಆಯಾಗೆ ಹೇಳುತ್ತಿದ್ದಳು — ತೊಡೆ ಉರಿ ಉರಿ, ಕೆಂಡ ಮೆತ್ತಿದ ಹಾಗೆ, ಮಧ್ಯಾಹ್ನದಿಂದ ಕಣ್ಣು ಮುಚ್ಚಿಲ್ಲ. ಅಕ್ಕೋರಿಗೆ ಹೇಳಬಾರದಾ ಎಂದಳು ಆಯಾ. ಅವಳ ಅಕ್ಕೋರು ಅಂದರೆ ನಾನು. ನಾನು ಬಾಗಿಲು ಬಡಿದು ಒಳಗೆ ಹೋದೆ. ಹೇಗಿದೆ ಅಕ್ಕ? ಪರವಾಗಿಲ್ಲ ಕಣೆ.

ತಪ್ಪು ಅವಳದಲ್ಲ. ಆಯಾ ಅವಳನ್ನು ಪರೀಕ್ಷೆ ಮಾಡಿರಲಿಲ್ಲ.

ಜೂನ್ 8

ಸರ್ಜನ್‌ಗೆ ಫೋನ್ ಮಾಡಿ ಕೇಳಿದೆ. ಬೆನ್ನಿನ ಹತ್ತಿರ ಮಷೀನು ತರಲೇಬಾರದು, ಬಲತೊಡೆಯ ಉರಿಗೆ ಬೇಕಾದರೆ ಹಾಕಿ, ಚರ್ಮಕ್ಕೆ ಸ್ಪರ್ಶ ತಿಳಿಯುತ್ತಾ ನೋಡಿಕೊಳ್ಳಿ ಎಂದರು. ಸೋಂಕು ಇರುವ ಕಡೆ ಕರೆಂಟ್ ಕೊಡಬಾರದು ಎಂದು ಮಷೀನಿನ ಪುಸ್ತಕದಲ್ಲೇ ಇದೆ. ನನಗೆ ಅದು ಮೊದಲೂ ಗೊತ್ತಿತ್ತು, ಸೋಂಕು ಇದೆ ಎಂದೇ ಗೊತ್ತಿರಲಿಲ್ಲ.

ಕಣ್ಣು ಮುಚ್ಚಿಸಿ ಹತ್ತಿ ಮುಟ್ಟಿಸಿದೆ, ಪಿನ್ನಿನ ತುದಿ ಮುಟ್ಟಿಸಿದೆ. ಬಲತೊಡೆಯಲ್ಲಿ ಎಲ್ಲವನ್ನೂ ಸರಿಯಾಗಿ ಹೇಳಿದಳು. ಆಮೇಲೆ ವೈರು ಎತ್ತಿ ತೋರಿಸಿದೆ, ನೋಡು, ಸಿಕ್ಕಿಸುತ್ತಿದ್ದೀನಿ. ಪ್ಯಾಡನ್ನು ಮೊದಲು ನನ್ನ ತೋಳಿಗೆ ಅಂಟಿಸಿಕೊಂಡು ಜುಮ್ ಅನ್ನಿಸಿ, ಆಮೇಲೆ ಅವಳಿಗೆ. ಇಷ್ಟೆಲ್ಲಾ ಯಾಕೆ ಎಂದಳು. ಮುಗಿದ ಮೇಲೆ ಚೆನ್ನಾಗಿದೆ ಅಂದಳು. ನಿಜವಾಗಲೂ ಚೆನ್ನಾಗಿತ್ತಾ, ನನ್ನ ಮುಖ ನೋಡಿ ಹೇಳಿದಳಾ, ದೇವರೇ ಬಲ್ಲ.

ಜೂನ್ 12

ಚೆನ್ನಾಗಿದೆ.

ಜೂನ್ 15

ಚೆನ್ನಾಗಿದೆ. ಆಯಾಳನ್ನು ಕೇಳಿದೆ, ನಿನ್ನ ಹತ್ತಿರ ಏನು ಹೇಳುತ್ತಾಳೆ ಅಂತ. ಆಯಾ ಬಟ್ಟೆ ಹಿಂಡುತ್ತಾ, ಅವರವರ ಮಾತು ಅವರವರನ್ನೇ ಕೇಳಿ ಅಕ್ಕೋರೆ ಎಂದಳು. ಸರಿಯೇ.

ಜೂನ್ 19, ಸಂಜೆ

ಇವತ್ತು ಅಕ್ಕನಿಗೆ ಸಿಟ್ಟು ಬಂತು. ನನ್ನ ನೆನಪಿನಲ್ಲಿ ಮೊದಲ ಸಲ.

ವಾಕರ್ ಹಿಡಿದು ಬಾಗಿಲ ತನಕ ಹೋಗಿ ಬಂದು ಕೂತಿದ್ದಳು, ಏದುಸಿರು. ಪ್ಯಾಡ್ ಹಾಕಿದೆ. ಹೇಗಿದೆ ಎಂದೆ. ಚೆನ್ನಾಗಿದೆ. ನಿಜ ಹೇಳು ಅಕ್ಕ ಎಂದೆ. ಚೆನ್ನಾಗಿದೆ ಅಂದೆನಲ್ಲ. ನನ್ನ ಮುಖ ನೋಡಬೇಡ, ತೊಡೆಯಲ್ಲಿ ಏನಾಗುತ್ತಿದೆ ಅಷ್ಟು ಹೇಳು ಎಂದು ಮತ್ತೆ ಕೇಳಿದೆ. ಪ್ಯಾಡನ್ನು ತಾನೇ ಕಿತ್ತು ಮಂಚದ ಮೇಲೆ ಎಸೆದಳು.

"ಚೆನ್ನಾಗಿದೆ ಅಂದ್ರೂ ನಂಬಲ್ಲ, ನೋವು ಅಂದ್ರೂ ನಂಬಲ್ಲ. ಏನು ಹೇಳ್ಲಿ ನಿಂಗೆ?"

ಅವಳು ನಿಲ್ಲಿಸಲಿಲ್ಲ. ಅಕೌಂಟೆಂಟ್ ಕೆಮ್ಮಿ ಕೆಮ್ಮಿ ನಕ್ಕದ್ದು, ಒಳಗೆ ಹೋಗಿ ತಟ್ಟೆ ತೊಳೆಯುವಾಗ ಬೆನ್ನು ಹಿಡಿದುಕೊಂಡು ಸಿಂಕಿನ ಮೇಲೆ ಬಗ್ಗಿದ್ದು, ಆದರೂ ಉಸಿರೆತ್ತದೆ ಇದ್ದದ್ದು, ಹೊಲಿಗೆ ಮಷೀನಿನ ಮುಂದೆ ಕಾಲಲ್ಲಿ ತುಳಿಯಲಾಗದೆ ಕೈಯಿಂದ ಚಕ್ರ ತಿರುಗಿಸಿದ್ದು. ಹೇಳಿದರೆ ಮತ್ತೆ ನಗುತ್ತೀಯ ಅನ್ನಿಸುತ್ತಿತ್ತು ಎಂದಳು. ಅವಳಿಗೆ ಅಳು ಬರಲಿಲ್ಲ. ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು.

ತಪ್ಪಾಯಿತು ಅಕ್ಕ ಎಂದೆ. ಅದನ್ನು ಆಸ್ಪತ್ರೆಯಲ್ಲೂ ಹೇಳಿದ್ದೆ, ಅಲ್ಲಿ ಅವಳು ಬಿಡು ಬಿಡು ಎಂದಿದ್ದಳು. ಇವತ್ತು ಹಾಗೆನ್ನಲಿಲ್ಲ. ಇನ್ನು ಮೇಲೆ ನೀನು ಏನು ಹೇಳಿದರೂ ನಂಬುತ್ತೇನೆ ಎಂದೆ.

"ನೋಡೋಣ" ಅಂದಳು.

ಎಸೆದ ಪ್ಯಾಡಿಗೆ ಹಾಸಿಗೆಯ ನೂಲು ಮೆತ್ತಿಕೊಂಡಿತ್ತು, ತೆಗೆದು ಒರೆಸಿದೆ. ಎಡಗಾಲು ಇಷ್ಟೇ, ಇನ್ನು ಹೆಚ್ಚು ಬರಲಿಕ್ಕಿಲ್ಲ. ಸರ್ಜನ್ ಹೇಳಿಲ್ಲ, ನನ್ನ ಕೈಗೆ ಗೊತ್ತಾಗುತ್ತಿದೆ. ಅಕ್ಕನಿಗೂ ಗೊತ್ತು ಅನ್ನಿಸುತ್ತದೆ. ಅದನ್ನು ಇನ್ನೂ ಇಬ್ಬರೂ ಬಾಯಿ ಬಿಟ್ಟು ಹೇಳಿಲ್ಲ.

ಜೂನ್ 21, ಬೆಳಿಗ್ಗೆ

ಕ್ಲಿನಿಕ್ಕಿಗೆ ಹೊರಡಬೇಕು. ಮೊಣಕಾಲಮ್ಮ ಬಂದು ಕಾಯುತ್ತಿರುತ್ತಾರೆ. ನಿನ್ನೆ ಅಕ್ಕ ಮಾತೇ ಆಡಲಿಲ್ಲ. ನಾನೂ ಏನೂ ಕೇಳಲಿಲ್ಲ. ಕೇಳದೆ ಇರುವುದು ಎಷ್ಟು ಕಷ್ಟ. ಇಬ್ಬರೂ ಚಹಾ ಕುಡಿದು ಕಿಟಕಿಯ ಕಡೆ ನೋಡುತ್ತಾ ಕೂತಿದ್ದೆವು. ಇವರು ಇಣುಕಿ ನೋಡಿ ಹಾಗೇ ಹೋದರು.

ಈಗ ಒಳಗಿಂದ ಸದ್ದು. ಆಯಾ ಅಡುಗೆಮನೆಯಲ್ಲಿದ್ದಾಳೆ, ಅಕ್ಕನ ರೂಮಿಗೆ ಅವಳೇ ಹತ್ತಿರ. ಆದರೆ ಅಕ್ಕ ಕೂಗುತ್ತಿರುವುದು ಅವಳನ್ನಲ್ಲ. ಪುಟ್ಟಿ, ಪುಟ್ಟಿ ಅನ್ನುತ್ತಿದ್ದಾಳೆ. ನೋವು ಕಣೆ, ತಡೆಯೋಕಾಗ್ತಿಲ್ಲ, ಬಾ ಅಂತ — ಹೋಗಬೇಕು, ಎಲ್ಲಿ ಅಂತ ಕೇಳಿ, ಅವಳು ಎಷ್ಟು ನೋವು ಅಂದರೆ ಅಷ್ಟೇ ಅಂತ ನಂಬಿ —